ಗೋಲಿನ ಕಂಬದ ಬಿಳಿ ಬಣ್ಣ

ಬಸವಕಲ್ಯಾಣ
೫ ಡಿಸೆಂಬರ್ ೧೯೮೨, ಭಾನುವಾರ

ಪ್ರೀತಿಯ ತಮ್ಮ ದೇವಿದಾಸನಿಗೆ ಅಣ್ಣ ಮಚ್ಚೇಂದ್ರನ ಜೈಭೀಮ್.

ಅವ್ವ ಆರಾಮಾಗಿದ್ದಾಳೆ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದನ್ನೆಲ್ಲ ನೀನು ಹೆದರಿಕೊಂಡೇ ಓದುತ್ತೀ. ದೀಪಾವಳಿಗಿಂತ ಮೊದಲು ಬಂದ ನಿನ್ನ ಪತ್ರಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಶಾಲೆ, ಪರೀಕ್ಷೆ, ಪೇಪರು ತಿದ್ದುವುದು ಅಂತ ನೆಪ ಹೇಳಬಹುದು. ಖರೆ ಕಾರಣ ಅದಲ್ಲ. ಹಾಕಿಯಲ್ಲಿ ನಮ್ಮವರು ಗೆಲ್ಲಲಿ, ಗೆದ್ದ ಸುದ್ದಿಯ ಜೊತೆಗೇ ಬರೆಯೋಣ, ದೆಹಲಿಯಲ್ಲಿ ನೀನು ಮಣ್ಣು ಹೊತ್ತ ಮೈದಾನದ ಸುದ್ದಿ ನಮ್ಮೂರಿನಿಂದ ತಿರುಗಿ ನಿನಗೇ ಬಂದು ಮುಟ್ಟಲಿ ಅಂತ ಕಾದು ಕೂತೆ.

ಸೋತೆವು, ಏಳು–ಒಂದು. ನನಗಿಂತ ಮೊದಲೇ ನಿನಗೆ ಗೊತ್ತಾಗಿರುತ್ತದೆ. ಗೋಡೆಯ ಆಚೆಯಿಂದ ಕೂಗು ಕೇಳಿರಬಹುದು, ಆಮೇಲೆ ಕೂಗು ನಿಂತದ್ದೂ ಕೇಳಿರಬಹುದು. ಒಳಗೆ ಬಿಟ್ಟರೇನೋ ನಿಮ್ಮನ್ನು? ಬಿಟ್ಟಿರಲಿಕ್ಕಿಲ್ಲ. ಕೆಲಸ ಮುಗಿದ ಮೇಲೆ ನಿಮ್ಮ ಜೋಪಡಿಗಳನ್ನು ರಸ್ತೆಗೆ ಕಾಣದ ಹಾಗೆ ಹಿಂದಕ್ಕೆ ಸರಿಸಿದರು ಅಂತ ನೀನೇ ಬರೆದಿದ್ದೆ. ಕಟ್ಟುವುದಕ್ಕೆ ನಾವು ಬೇಕು, ಕಟ್ಟಿದ ಮೇಲೆ ನಮ್ಮ ಮುಖ ಬೇಡ. ಹುಮನಾಬಾದಿನಿಂದ ನಿಮ್ಮನ್ನು ಕೂಲಿಗೆ ಕರೆದುಕೊಂಡು ಹೋದ ಮುಕಾದಮ ಕಂಬಳಿ ಕೊಟ್ಟನೋ ಇಲ್ಲವೋ ಬರೆ. ದೆಹಲಿಯ ಚಳಿ ನಮ್ಮ ಕಡೆಯ ಚಳಿಯಲ್ಲ. ನಿನ್ನ ಕೆಮ್ಮು ಹೇಗಿದೆ?

ಈಗ ಇಲ್ಲಿಯದು ಹೇಳುತ್ತೇನೆ. ನಿಧಾನವಾಗಿ ಓದು.

ನಿನ್ನ ಪತ್ರದಲ್ಲಿ ಒಂದು ಸಾಲಿತ್ತು, ನೆನಪಿದೆಯಾ? ‘ಗೋಲಿನ ಕಂಬಗಳಿಗೆ ಬಿಳಿ ಬಣ್ಣ ಹಚ್ಚಿದವನು ನಾನೇ, ಎರಡೂ ಕಡೆ’ ಅಂತ ಬರೆದಿದ್ದೆ. ಅವ್ವ ಆ ಸಾಲನ್ನು ನನ್ನಿಂದ ಮತ್ತೆ ಮತ್ತೆ ಓದಿಸಿಕೊಂಡಳು. ಓದು ಬಾರದವಳು ಆ ಸಾಲು ಎಲ್ಲಿದೆ ಅಂತ ಬೆರಳಿಟ್ಟು ತೋರಿಸುವಷ್ಟು ಕಲಿತಳು. ಆಮೇಲೆ ಇಡೀ ಘಾಟಬೋರಾಳಕ್ಕೆ ಹೇಳಿಕೊಂಡು ಬಂದಳು. ತೊಗರಿ ಹೊಲದಲ್ಲಿ ಕಳೆ ಕೀಳುವಾಗ, ಬಾವಿಯ ಹತ್ತಿರ ಯಾರಾದರೂ ನೀರು ಎತ್ತಿ ಹಾಕಲಿ ಅಂತ ಕೊಡ ಇಟ್ಟು ನಿಂತಾಗ, ಎಲ್ಲ ಕಡೆಗೂ ಒಂದೇ ಮಾತು: “ದಿಲ್ಲಿಯಾಗ ಗೋಲಿನ ಕಂಬ ನನ್ನ ಸಣ್ಣ ಮಗಾನ ಬೆಳ್ಳಗ ಮಾಡ್ಯಾನ.” ಜನ ನಗುತ್ತಿದ್ದರು. ಕೆಟ್ಟ ನಗುವಲ್ಲ. ಅವ್ವನಿಗೆ ಊರಲ್ಲಿ ಅಷ್ಟು ಮಾತಾಡುವ ಧೈರ್ಯ ಬಂದದ್ದು ನಾನು ಮಾಸ್ತರ ಆದಾಗ ಅಲ್ಲ, ನೀನು ಬಣ್ಣ ಹಚ್ಚಿದಾಗ.

ಫೈನಲ್ ದಿನ ರಜೆ ಹಾಕಿ ಊರಿಗೆ ಹೋದೆ. ಅವ್ವನೇ ಹೇಳಿ ಕಳಿಸಿದ್ದಳು. ಮಹಾರುದ್ರಪ್ಪನ ಚಹಾದಂಗಡಿಯಲ್ಲಿ ರೇಡಿಯೊ ಹಚ್ಚುತ್ತಾರೆ, ಒಬ್ಬಳೇ ಹೋಗಿ ನಿಂತರೆ ತಿಳಿಯುವುದಿಲ್ಲ, ನೀನು ಬಾ ಅಂತ. ಆ ಅಂಗಡಿ ನಿನಗೆ ಗೊತ್ತಿದ್ದದ್ದೇ. ಗಲ್ಲಾದ ಮೇಲೆ ಬಸವಣ್ಣನ ಫೋಟೊ, ದಿನಾ ಊದಿನಕಡ್ಡಿ. ಒಳಗೆ ಬೆಂಚು, ಗಾಜಿನ ಗಿಲಾಸು. ಹೊರಗಿನ ಗೋಡೆಯ ಗೂಡಿನಲ್ಲಿ ನಮ್ಮ ಕೇರಿಗೆಂದೇ ಇಟ್ಟ ಹಿಡಿಕೆ ಮುರಿದ ಕಪ್ಪು. ಮೇಲಿಂದ ಚಹಾ ಸುರಿಯುತ್ತಾರೆ, ಕುಡಿದು ನಾವೇ ತೊಳೆದು ಬೋರಲು ಹಾಕಬೇಕು. ಮಾಸ್ತರ ಆದಮೇಲೆ ನಾನು ಅಲ್ಲಿ ಕಾಲಿಡುವುದನ್ನೇ ಬಿಟ್ಟಿದ್ದೆ. ಆ ದಿನ ಅವ್ವನಿಗಾಗಿ ಹೋದೆ.

ರೇಡಿಯೊವನ್ನು ಹೊರಗೆ ಕಟ್ಟೆಯ ಮೇಲೆ ತಂದಿಟ್ಟಿದ್ದರು. ಒಳಗಿನವರೂ ಹೊರಗೆ, ಹೊರಗಿನವರೂ ಹೊರಗೆ. ಊರೆಲ್ಲ ಅಷ್ಟು ಹತ್ತಿರ ಕೂತದ್ದನ್ನು ನಾನು ನೋಡಿರಲಿಲ್ಲ. ಹಿಂದಿಯ ಕಾಮೆಂಟರಿ. ಅದನ್ನು ಕನ್ನಡ ಮಾಡಿ ಹೇಳುವ ಜವಾಬ್ದಾರಿ ಅಬ್ದುಲ್ ಕರೀಂ ಚಾಚಾನದು. ಪೊಲೀಸು ನೌಕರಿಯಲ್ಲಿದ್ದಾಗ ಹಾಕಿ ಆಡಿದವನು, ಭಾರತ ಸೋತ ದಿನ ಊಟ ಬಿಡುವವನು. ಅವ್ವ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಗೂಡಿನ ಕೆಳಗೆ ಕೂತಳು.

“ಕಮಳವ್ವಾ, ನಿನ್ನ ಮಗ ಹಚ್ಚಿದ ಬಣ್ಣ ಒಣಗ್ಯಾದೋ ಇಲ್ಲೋ? ಹಸಿ ಇತ್ತಂದ್ರ ಚೆಂಡು ಅಲ್ಲೇ ಅಂಟ್ಕೋತದ ನೋಡು!” ಅಂದ ಬಕ್ಕಪ್ಪ. ಬಸ್‌ಸ್ಟ್ಯಾಂಡಿನ ಹತ್ತಿರ ಗೊಬ್ಬರದ ಅಂಗಡಿ ಇಟ್ಟಿರುವವನೇ.

“ಅಂಟಲಿ ಬಿಡ್ರಿ ಯಪ್ಪಾ, ಅವರ ಗೋಲಿನ್ಯಾಗ ಅಂಟಲಿ,” ಅಂದಳು ಅವ್ವ. ಎಲ್ಲರೂ ನಕ್ಕರು. ಸ್ವಲ್ಪ ಹೊತ್ತಿಗೆ ನನ್ನ ಕಿವಿಯಲ್ಲಿ ಕೇಳಿದಳು: “ಮಚ್ಚೇಂದ್ರಾ, ದೇವಿದಾಸನ ಹೆಸರು ಯಾವಾಗ ಹೇಳ್ತಾರ?”

ಆಟ ಶುರುವಾಗಿ ಚಹಾ ಕುದಿಯುವಷ್ಟು ಹೊತ್ತಾಗಿಲ್ಲ, ನಮ್ಮವರು ಗೋಲು ಹಾಕಿದರು. ಕರೀಂ ಚಾಚಾ ಎದ್ದು ನಿಂತು ಟೋಪಿ ಹಾರಿಸಿದ. “ಗೋಲ್! ನಮ್ದು ಗೋಲ್ ಆತು!” ಮಹಾರುದ್ರಪ್ಪನಿಗೆ ಹುಚ್ಚು ಹಿಡಿದಂತಾಯಿತು. “ಎಲ್ಲರಿಗೂ ನನ್ನ ಕಡಿಂದ ಚಾ!” ಅಂತ ಕೂಗಿದ. ತಟ್ಟೆಯ ತುಂಬ ಗಿಲಾಸು ಹಿಡಿದು ಬಂದವನು ಹಂಚುತ್ತ ಹಂಚುತ್ತ ಗೋಡೆಯ ತನಕ ಬಂದ. ಅವ್ವನ ಮುಂದೆ ನಿಂತ. ಅವಳು ಅಭ್ಯಾಸದಂತೆ ಕಪ್ಪಿಗಾಗಿ ಗೂಡಿಗೆ ಕೈ ಹಾಕಿದ್ದಳು.

“ಅದು ಬಿಡು ಕಮಳವ್ವಾ, ಇವತ್ತ ಇದು ಹಿಡಿ. ನಿನ್ನ ಮಗ ಕಟ್ಟಿದ ಮೈದಾನ ಅದು,” ಅಂದು ಒಳಗಿನ ಗಿಲಾಸನ್ನು ಅವಳ ಕೈಗೇ ಕೊಟ್ಟ. ಮೇಲಿಂದ ಸುರಿಯಲಿಲ್ಲ. ಕೈಗೆ ಕೊಟ್ಟ. ಅವನ ಬೆರಳು ಅವ್ವನ ಬೆರಳಿಗೆ ತಗುಲಿದ್ದನ್ನು ನಾನು ಕಣ್ಣಾರೆ ಕಂಡೆ. ಅವ್ವ ನನ್ನ ಕಡೆ ನೋಡಿದಳು. ಕುಡಿಯಲಾ ಅಂತ ಕೇಳುವ ಕಣ್ಣು. “ಕುಡಿ ಅವ್ವಾ,” ಅಂದೆ. ಎರಡೂ ಕೈಯಲ್ಲಿ ಹಿಡಿದು, ಬಿಸಿಯನ್ನೂ ಲೆಕ್ಕಿಸದೆ ಕುಡಿದಳು. ದೇವಿದಾಸ, ಅಷ್ಟೂ ವರ್ಷ ಬೀದಿಯಲ್ಲಿ ಕೂಗಿ ನಾವು ತರಲಾಗದ್ದನ್ನು ಒಂದು ಗೋಲು ತಂದಿತು ಅಂತ ಆ ಗಳಿಗೆಯಲ್ಲಿ ನಂಬಿಬಿಟ್ಟೆ.

ಆಮೇಲೆ ಗಡಿಯಾಚೆಯ ತಂಡದವರು ಹೊಡೆಯಲು ಶುರುಮಾಡಿದರು. ಒಂದು. ಎರಡು. ಮೂರಕ್ಕೂ ಜನ ಇನ್ನೂ ಮಾತಾಡುತ್ತಿದ್ದರು, ಗೋಲ್‌ಕೀಪರು ಸರಿಯಿಲ್ಲ, ಕೋಚು ಸರಿಯಿಲ್ಲ ಅಂತ. ನಾಲ್ಕಾದಮೇಲೆ ಬಾಯಿ ಕಟ್ಟಿತು. ಕಾಮೆಂಟರಿಯವನ ದನಿಯೂ ಬತ್ತಿತ್ತು. ಕರೀಂ ಚಾಚಾ ಕನ್ನಡ ಮಾಡುವುದನ್ನು ನಿಲ್ಲಿಸಿ ತಲೆ ತಗ್ಗಿಸಿದ.

“ಯಾಕ ಚಾಚಾ, ಹೇಳಲ್ಲ? ಇದು ನಿನ್ನ ಬಾಯಾಗ ಭಾಳ ಸಿಹಿ ಇರಬೇಕಲ್ಲ,” ಅಂದ ಬಕ್ಕಪ್ಪ. ಯಾರೂ ನಗಲಿಲ್ಲ. ಯಾರೂ ತಡೆಯಲೂ ಇಲ್ಲ. ಚಾಚಾ ಬಿದ್ದಿದ್ದ ಟೋಪಿ ಎತ್ತಿ ಧೂಳು ಕೊಡವಿ ಹಾಕಿಕೊಂಡ. ಅಷ್ಟೆ.

ಏಳನೆಯದು ಬಿದ್ದಾಗ ನಾನು ಕಲ್ಲಾಗಿ ಕೂತಿದ್ದೆ. ಹಾಕಿಯೆಂದರೆ ನಮ್ಮದು ಅಂತ ಮಕ್ಕಳಿಗೆ ಪಾಠ ಹೇಳಿದ ಮಾಸ್ತರ ನಾನು. ನಮ್ಮದೇ ರಾಜಧಾನಿಯಲ್ಲಿ ಏಳು! ಆ ಪೆಟ್ಟಿನಲ್ಲೇ ಇದ್ದೆ, ಅದಕ್ಕೇ ಬಕ್ಕಪ್ಪನ ಮಾತು ಮೊದಲು ನನ್ನ ಕಿವಿಗೇ ಹೋಗಲಿಲ್ಲ.

“ಮೊದಲ ಗೋಲು ನಮ್ದಾತು. ಆಮ್ಯಾಲ ಆಕಿ ಕೈಯಾಗ ಗಿಲಾಸ್ ಕೊಟ್ಟಿ. ಆಗಿಂದ ನೋಡು ಮಹಾರುದ್ರಪ್ಪಾ, ಒಂದರ ಮ್ಯಾಲೊಂದು. ಕಂಬ ಮುಟ್ಟಿದ ಕೈನೂ ಅವರದಾ, ಗಿಲಾಸ್ ಮುಟ್ಟಿದ ಕೈನೂ ಅವರದಾ. ಹ್ಯಾಂಗ ಗೆಲ್ತದ ದೇಶ?”

ಬಕ್ಕಪ್ಪ ಚಾಷ್ಟಿ ಮಾಡುತ್ತಿದ್ದಾನೆ ಅಂದುಕೊಂಡೆ. ಸುತ್ತ ನೋಡಿದೆ. ಒಂದು ಮುಖದಲ್ಲೂ ನಗು ಇರಲಿಲ್ಲ. ಹೌದಲ್ಲ ಅನ್ನುವ ಹಾಗೆ ಜನ ಒಬ್ಬರನ್ನೊಬ್ಬರು ನೋಡುತ್ತಿದ್ದರು.

ಎದ್ದು ನಿಂತೆ. ಕೂಗಿದೆ. “ಏಳು ಗೋಲು ತಿಂದವರು ನಮ್ಮ ಕೇರಿಯವರೇನ್ರಿ? ಕಂಬಕ್ಕೆ ಎರಡೂ ಕಡೆ ನನ್ನ ತಮ್ಮಾನ ಬಣ್ಣ ಹಚ್ಚ್ಯಾನ. ನೀವು ಕುಣಿದ್ರಲ್ಲ, ಆ ಗೋಲು ಯಾರ ಕಂಬದಾಗ ಹೋತು? ಆವಾಗ ಅವನ ಕೈ ಮಡಿ ಇತ್ತೇನು? ಇದೇ ದಿಲ್ಲಿಯಾಗ, ಇದೇ ಆಟದಾಗ ನಮ್ಮ ಹೆಣ್ಣಮಕ್ಕಳು ಹಾಕಿಯಾಗ ಚಿನ್ನ ಗೆದ್ದಾರ. ಆವತ್ತ ಯಾರರೆ ಬಂದು ನಮ್ಮವ್ವನ ಕೈ ಹಿಡಿದು ನಿನ್ನಿಂದ ಗೆದ್ದೇವಿ ಅಂದ್ರೇನು?”

ಉತ್ತರ ಕೊಡಬೇಕಾದವನು ಮಹಾರುದ್ರಪ್ಪ. ಕೆಟ್ಟವನಲ್ಲ ಅವನು, ಅದೇ ನನಗೆ ಸಹಿಸಲಾಗದ್ದು. ಕೆಟ್ಟವನಾಗಿದ್ದರೆ ಬೈದು ಎದ್ದು ಬರಬಹುದಿತ್ತು. ಅವನು ನನ್ನ ಮುಖ ನೋಡದೆ ಒಳಗೆ ಹೋಗಿ ಇಕ್ಕಳ ತಂದ. ಅವ್ವನ ಮುಂದಿದ್ದ ಖಾಲಿ ಗಿಲಾಸನ್ನು ಅದರಲ್ಲಿ ಹಿಡಿದೆತ್ತಿಕೊಂಡು ಹೋಗಿ ಒಲೆಯ ಕೆಂಡದಲ್ಲಿಟ್ಟ. ಹಿತ್ತಾಳೆಯ ಪಾತ್ರೆಯನ್ನು ಹಾಗೆ ಬೆಂಕಿಗೆ ಹಿಡಿದು ಶುದ್ಧ ಮಾಡುತ್ತಾರಲ್ಲ, ಆ ರೂಢಿ ಕೈಗಿತ್ತು. ಅದು ಗಾಜು ಅನ್ನುವುದು ತಲೆಗೆ ಹೊಳೆಯಲಿಲ್ಲ. ಚಟ್ಟಂತ ಒಡೆಯಿತು. ಇಡೀ ಅಂಗಡಿ ಬೆಚ್ಚಿತು. ಮೇಲೆ ಬಸವಣ್ಣನ ಫೋಟೊ, ಕೆಳಗೆ ಕೆಂಡದಲ್ಲಿ ಗಾಜಿನ ಚೂರು, ನಡುವೆ ಹಣೆಯ ತುಂಬ ವಿಭೂತಿ ಹಚ್ಚಿಕೊಂಡ ಮಹಾರುದ್ರಪ್ಪ ಇಕ್ಕಳ ಹಿಡಿದು ನಿಂತಿದ್ದ. ಇದನ್ನು ಬಸವಣ್ಣನ ಹೆಸರು ಹೊತ್ತ ಊರಿನಲ್ಲಿ ಕೂತು ಬರೆಯುತ್ತಿದ್ದೇನೆ, ದೇವಿದಾಸ.

ಮರುದಿನ ಬೆಳಿಗ್ಗೆಯೇ ಹುಮನಾಬಾದಿಗೆ ಹೋಗಿ ದೂರು ಕೊಡಬೇಕು ಅಂತ ಹೊರಟೆ. ಕಾಯ್ದೆ ಇದೆ, ಬಾಬಾಸಾಹೇಬರು ಕೊಟ್ಟ ಸಂವಿಧಾನ ಇದೆ. ಗವಾಹಿ, ಸಾಕ್ಷಿ ಹೇಳುವವರು ಯಾರು? ನಾನು ಕೇಳುವ ಮೊದಲೇ ಕರೀಂ ಚಾಚಾ ನಮ್ಮ ಬಾಗಿಲಿಗೆ ಬಂದ. “ನಾ ಹೇಳ್ತೀನಿ ಮಾಸ್ತರ್. ಕಂಡದ್ದು ಕಂಡಂಗ ಹೇಳ್ತೀನಿ. ಆದ್ರ ಈ ವಾರ ನನ್ನ ಗವಾಹಿ ಯಾರು ಖರೆ ಅಂತಾರೋ ಮಾಲೂಮ್ ಇಲ್ಲ,” ಅಂದ. ಅವನ ಕಣ್ಣು ಕೆಂಪಾಗಿದ್ದವು. ರಾತ್ರಿ ಉಂಡಿರಲಿಲ್ಲ ಅಂತ ಅವನ ಮುಖವೇ ಹೇಳುತ್ತಿತ್ತು.

ಚಾಚಾ ಗವಾಹಿ. ನಾನು ದೂರು ಬರೆಯುವವನು. ಆದರೆ ಅವಮಾನ ಆದದ್ದು ಅವ್ವನಿಗೆ, ನನಗೆ ಹೀಗಾಯಿತು ಅಂತ ಹೇಳಬೇಕಾದವಳು ಅವಳು. ಅವ್ವ ಬರಲಿಲ್ಲ. ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಲೇ ಇದ್ದಳು. “ಬ್ಯಾಡ ಬಿಡಪ್ಪಾ,” ಅಂದಳು. ನನಗೆ ಸಿಟ್ಟು ಬಂತು. ಯಾಕೆ ಬೇಡ ಅಂತ ಜೋರು ಮಾಡಿದೆ. ಹೆದರಿದ್ದಾಳೆ ಅಂದುಕೊಂಡು ಧೈರ್ಯ ಹೇಳಿದೆ, ಕಾಯ್ದೆ ಬಿಡಿಸಿ ಹೇಳಿದೆ, ಒಂದು ಭಾಷಣವನ್ನೇ ಮಾಡಿದೆ. ಹಿಟ್ಟಿನ ಕೈಯಲ್ಲೇ ನನ್ನ ಬಾಯಿ ಮುಚ್ಚಿದಳು. ದೂರು ಅಲ್ಲಿಗೇ ನಿಂತಿತು.

ಅವಳನ್ನು ಅಲ್ಲಿ ಬಿಟ್ಟು ಬರಲು ಮನಸ್ಸಾಗದೆ ಜೊತೆಯಲ್ಲಿ ಇಲ್ಲಿಗೆ ಕರೆದುಕೊಂಡು ಬಂದೆ. ನಾಳೆ ಬಾಬಾಸಾಹೇಬರ ಪರಿನಿರ್ವಾಣದ ದಿನ. ಬಸವಕಲ್ಯಾಣದಲ್ಲಿ ಸಭೆ ಇದೆ, ನಾನು ಮಾತಾಡಬೇಕು. ಏನು ಮಾತಾಡಲಿ? ಮೈಕಿನ ಮುಂದೆ ನನ್ನ ಗಂಟಲು ಯಾವತ್ತೂ ಕೈಕೊಟ್ಟಿಲ್ಲ, ನಿನಗೆ ಗೊತ್ತು. ಬಕ್ಕಪ್ಪನಂಥವರು ಸಾವಿರ ಮಂದಿ ಬರಲಿ, ಮಾತಿಗೆ ಮಾತು ಇದೆ ನನ್ನ ಹತ್ತಿರ. ಅವ್ವನ ಆ ‘ಬ್ಯಾಡ’ಕ್ಕೆ ಮಾತ್ರ ಇಲ್ಲ.

ನೀನು ಮೈ ಜೋಪಾನ ಮಾಡಿಕೋ. ಕೆಮ್ಮಿಗೆ ಔಷಧಿ ತಗೋ. ಮುಕಾದಮ ಕಾಗದದ ಮೇಲೆ ಹೆಬ್ಬೆಟ್ಟು ಕೇಳಿದರೆ ಒತ್ತಬೇಡ, ನಿನಗೆ ಸಹಿ ಬರುತ್ತದೆ. ಎಲ್ಲಿದ್ದರೂ ತಲೆಯೆತ್ತಿ ಬಾಳು. ಒಳ್ಳೆಯದಾಗಲಿ.

ನಿನ್ನ ಅಣ್ಣ,
ಮಚ್ಚೇಂದ್ರ

ಮ.ಸೂ.: ಇಲ್ಲಿಗೆ ಮುಗಿಸಿ ಲಕೋಟೆಗೆ ಹಾಕುತ್ತಿದ್ದೆ. ಅವ್ವ ಪಕ್ಕದಲ್ಲೇ ಕೂತಿದ್ದಾಳೆ. ನಾನು ಹೇಳಿದ್ದನ್ನೂ ಬರೆ, ನೀನು ಒಂದು ಮಾತೂ ಸೇರಿಸಬೇಡ, ತೆಗೆಯಲೂಬೇಡ ಅನ್ನುತ್ತಿದ್ದಾಳೆ. ಬರೆಯುತ್ತಿದ್ದೇನೆ:

“ದೇವಿದಾಸಾ, ಮಗನಾ, ಸಿಟ್ಟಾಗಬ್ಯಾಡ. ನನ್ನ ಬಾಯಿ ಸುಮ್ನ ಇರಬೇಕಿತ್ತು. ಊರೆಲ್ಲ ಹೇಳ್ಕೋತ ತಿರುಗಿದೆ, ದೇಶಕ್ಕ ಕೆಟ್ಟ ನೆದರ ತಾಕ್ತು. ಗಿಲಾಸ್ ಕೊಟ್ಟಾಗ ಒಲ್ಲೆ ಅನ್ನಬೇಕಿತ್ತು, ಆಸೆಕ್ಕ ಕುಡದೆ. ಈಗ ನೀ ಒಂದು ಕಾಗದ ಬರಿ. ಆ ಕಂಬಕ್ಕ ಬಣ್ಣ ನಾ ಹಚ್ಚಿಲ್ಲ, ಬ್ಯಾರೆ ಮಂದಿ ಹಚ್ಚ್ಯಾರ, ನಮ್ಮವ್ವಗ ತಪ್ಪ ತಿಳದದ ಅಂತ ಬರಿ. ಅಣ್ಣನ ಹೆಸರಿಗಿ ಬರಿಬ್ಯಾಡ, ಅಂವ ಹರಿದು ಹಾಕ್ತಾನ. ಕರೀಂ ಚಾಚಾನ ಹೆಸರಿಗಿ ಬರಿ. ಮಹಾರುದ್ರಪ್ಪನ ಅಂಗಡಿ ಮುಂದ ಎಲ್ಲರಿಗೂ ಕೇಳುವಂಗ ಓದಸ್ತೀನಿ.”