ಆಕೆಗೆ ಓದು ಬೇಡವಾಗಿತ್ತು

ಗದಗ
ನೀರೆಣಿಕೆಯ ತೊಂಬತ್ನಾಲ್ಕನೇ ವರ್ಷ, ಎರಡನೇ ಬೇಸಿಗೆಯ ನಲವತ್ತೊಂದನೇ ದಿನ

ಮಹಾನಂದಾ ಹಡಪದ ಅವರಿಗೆ,

ಈ ತಾರೀಖು ನಿಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ, ಹುಡುಕಬೇಡಿ. ತುಂಗಭದ್ರೆಯ ನೀರನ್ನು ಮನೆಮನೆಗೆ ಅಳೆದು ಕೊಡಲು ಶುರುಮಾಡಿದ ವರ್ಷದಿಂದ ನಾವು ಎಣಿಸುತ್ತೇವೆ. ನಿಮ್ಮ ಲೆಕ್ಕಕ್ಕೆ ಇಳಿಸಿದರೆ ಎರಡು ಸಾವಿರದ ನೂರ ಅರವತ್ತರ ಆಸುಪಾಸು. ನಿಮ್ಮ ಕಾಲದಲ್ಲಿ ವರ್ಷಕ್ಕೆ ಒಂದೇ ಬೇಸಿಗೆ ಇತ್ತಂತೆ, ನಮಗೆ ಎರಡು. ಈ ಕಾಗದದಲ್ಲಿ ನಿಮಗೆ ಗೊತ್ತಿಲ್ಲದ ಪದಗಳು ಬರುತ್ತವೆ, ಬಂದಲ್ಲೇ ಅರ್ಥ ಹೇಳುತ್ತೇನೆ. ನಮ್ಮ ಕನ್ನಡವೂ ನಿಮ್ಮ ಕಿವಿಗೆ ಸ್ವಲ್ಪ ಸೊಟ್ಟಗೆ ಕೇಳಿಸೀತು, ಅದಕ್ಕೆ ಕ್ಷಮೆ ಇರಲಿ. ಬೇರೆ ಯಾವುದಕ್ಕೂ ನಾನು ಕ್ಷಮೆ ಕೇಳುವುದಿಲ್ಲ. ಕೇಳಬೇಕಾದವರು ನೀವು.

ನಾನು ಬಾಳವ್ವ. ನಿಮ್ಮ ತಂಗಿ ಶಶಿಕಲಾಳ ಮೊಮ್ಮಗಳ ಮೊಮ್ಮಗಳು. ನಿಮಗೆ ಮಕ್ಕಳಿರಲಿಲ್ಲವಾದ್ದರಿಂದ ನಿಮ್ಮ ಹೆಸರನ್ನು ಹೊತ್ತು ತಿರುಗುವ ಭಾಗ್ಯ ನಮ್ಮ ಪಾಲಿಗೆ ಬಂದಿದೆ. ನಮ್ಮಲ್ಲಿ ಬೇರಿನ ಕಾಗದ ಎಂಬ ಪದ್ಧತಿಯೊಂದಿದೆ. ಮಕ್ಕಳ ಹಣೆಬರಹ ತೀರ್ಮಾನವಾಗುವ ಮುಂಚೆ ತಾಯಿಯಾದವಳು ಮನೆತನದಲ್ಲಿ ಮೊದಲು ಕಾಲೇಜು ಮೆಟ್ಟಿಲು ಹತ್ತಿದವರಿಗೆ ಒಂದು ಕಾಗದ ಬರೆದು, ಕೇಳುಮನೆಯ ಗೋಡೆಯ ಸಂದಿಯಲ್ಲಿ ಹಾಕಬೇಕು. ಕೇಳುಮನೆ ಎಂದರೆ ಹಳೆಯ ದನಿಗಳನ್ನು ಕೂಡಿಟ್ಟಿರುವ ಕಟ್ಟಡ. ಗೋಡೆಯೊಳಗೆ ಬಿದ್ದ ಕಾಗದ ಎಲ್ಲಿಗೆ ಹೋಗುತ್ತದೆಂದು ನನ್ನ ತಮ್ಮ ಪಂಪಣ್ಣನನ್ನು ಕೇಳಿದರೆ, ಅವನು ಓದಿದವನಲ್ಲವೇ, ಕಾಲ ಹಿಂದಕ್ಕೂ ಬಾಗುತ್ತದೆ ಎಂದು ಏನೇನೋ ಹೇಳುತ್ತಾನೆ. ನನಗನ್ನಿಸುವುದು, ಇಲಿಗಳ ಹೊಟ್ಟೆಗೆ. ಎಲ್ಲರೂ ಬರೆಯುವುದು ಒಂದೇ ಮಾದರಿ: ತಮ್ಮ ಪುಣ್ಯದಿಂದ ನಾವು ಬೆಳಕು ಕಂಡೆವು, ಒಪ್ಪಿಗೆ ದಯಪಾಲಿಸಿ. ಪಕ್ಕದ ಮನೆಯವಳು ತನ್ನದನ್ನೇ ನೋಡಿ ಬರೆದುಕೋ ಎಂದು ಕೊಟ್ಟಿದ್ದಳು. ಅವಳ ಪ್ರತಿಯನ್ನು ವಾಪಸು ಕೊಟ್ಟು ಬಂದೆ.

ನಮ್ಮ ಗದಗ ಹೇಗಿದೆಯೆಂದು ನಿಮಗೆ ಕುತೂಹಲ ಇರಬಹುದು. ಬೆಳಿಗ್ಗೆ ಹತ್ತಕ್ಕೆ ಊರು ಮುಚ್ಚುತ್ತದೆ, ಸಂಜೆ ಐದಕ್ಕೆ ತೆರೆಯುತ್ತದೆ. ನಡುವಿನ ಹೊತ್ತಿನಲ್ಲಿ ನಾಯಿಯೂ ಬೀದಿಗೆ ಬರುವುದಿಲ್ಲ. ಬೀದಿಗಳ ಮೇಲೆ ಈ ಗೋಡೆಯಿಂದ ಆ ಗೋಡೆಗೆ ನೆರಳುಪಟ್ಟಿ ಕಟ್ಟಿರುತ್ತಾರೆ, ಹಳೆಯ ಬಟ್ಟೆಗಳನ್ನು ಹೊಲಿದು ಮಾಡಿದ ಉದ್ದನೆಯ ಚಪ್ಪರ. ಮಿರ್ಚಿ ಬಜಿ ಇನ್ನೂ ಇದೆ. ಗಿರ್ಮಿಟ್ಟೂ ಇದೆ, ಆದರೆ ಮಂಡಕ್ಕಿ ಮಾತ್ರ ಅಕ್ಕಿಯದಲ್ಲ, ಅದರ ಗುಟ್ಟು ಕೇಳದಿರುವುದೇ ವಾಸಿ. ಊರ ಹೊರಗೆ ಮುಂಡರಗಿಯ ದಾರಿಯುದ್ದಕ್ಕೂ ಬಿಸಿಲುಹಾಸು ಹರಡಿದೆ. ಬಿಸಿಲನ್ನು ಹಿಡಿದು ಕರೆಂಟು ಮಾಡುವ ಗಾಜಿನ ಹಲಗೆಗಳವು, ಕಣ್ಣು ಹೋದಷ್ಟು ದೂರ. ಅವುಗಳ ಮೇಲೆ ದಿನವೂ ಧೂಳು ಕೂರುತ್ತದೆ. ಯಂತ್ರ ಉಜ್ಜಿದರೆ ಗಾಜಿಗೆ ಗೀರು ಬೀಳುತ್ತದೆಂದು ಒದ್ದೆ ಉಣ್ಣೆಯಿಂದ ಕೈಯಲ್ಲೇ ಒರೆಸಬೇಕು. ಆ ಧೂಳು ಮೂಗಿನಿಂದ ಇಳಿದು ಎದೆಯಲ್ಲಿ ಮನೆ ಮಾಡುತ್ತದೆ. ನಾನು ಒರೆಸುವವಳು. ಇಪ್ಪತ್ನಾಲ್ಕು ವರ್ಷದ ಕೆಲಸ, ಇನ್ನು ಮೂರು ವರ್ಷ ಉಳಿದಿದೆ. ಕೂಲಿ ಇಲ್ಲ, ಊಟ ಮತ್ತು ನೀರು ಇದೆ. ಅದು ಪಂಪಣ್ಣನ ಓದಿನ ಸಾಲ.

ಇದಕ್ಕೆ ಜೋಡಿ ಓದು ಎನ್ನುತ್ತಾರೆ. ಮನೆಯಲ್ಲಿ ಒಬ್ಬರು ಓದುತ್ತಾರೆ, ಒಬ್ಬರು ಹೊರುತ್ತಾರೆ. ಒಂದೇ ಮಗುವಿರುವ ಮನೆಗೆ ಓದಿನ ಸಾಲವೇ ಇಲ್ಲ, ಆದ್ದರಿಂದ ಎಲ್ಲರೂ ಎರಡು ಹೆರುತ್ತಾರೆ. ಬರೆಯುವುದು, ಓದುವುದು, ಕೂಡುವುದು, ಕಳೆಯುವುದು ಹತ್ತು ವರ್ಷದ ತನಕ ಇಬ್ಬರಿಗೂ ಕಲಿಸುತ್ತಾರೆ. ಚಿಕ್ಕ ಮಗುವಿಗೆ ಹತ್ತು ತುಂಬಿದ ತಿಂಗಳಲ್ಲಿ ಇಬ್ಬರನ್ನೂ ಕೇಳುಮನೆಗೆ ಕರೆದೊಯ್ದು ಮೂವರು ಹಿರಿಯರ ಮುಂದೆ ನಿಲ್ಲಿಸಬೇಕು. ಯಾರು ಹೊರಬೇಕೆಂದು ತಾಯಿ ಮೊದಲೇ ಹೇಳಿರುತ್ತಾಳೆ. ಆ ಮಗು ಎದ್ದು ನಿಂತು, ಮೂರನೆಯ ಹಿರಿಯರಿಗೂ ಕೇಳಿಸುವಷ್ಟು ಗಟ್ಟಿಯಾಗಿ, ನನಗೆ ಓದು ಬೇಡ ಎನ್ನಬೇಕು. ಆಮೇಲೆ ತನ್ನ ಪಾಟಿಯನ್ನು ಒಡಹುಟ್ಟಿದವರ ಕೈಗೆ ಕೊಡಬೇಕು. ಬಾಯಿಗೆ ಒಂದು ಚೂರು ಬೆಲ್ಲ ಹಾಕುತ್ತಾರೆ. ಅಳುತ್ತಾ ಹೇಳಿದರೆ ನಡೆಯುವುದಿಲ್ಲ, ಮತ್ತೊಮ್ಮೆ ಹೇಳಿಸುತ್ತಾರೆ. ನನ್ನ ಕೈಲಿ ನಾಲ್ಕು ಸಲ ಹೇಳಿಸಿದರು.

ಪಂಪಣ್ಣ ಕೆಟ್ಟವನಲ್ಲ. ನೀರಿನ ಅಳತೆಗಾರ, ಊರಲ್ಲಿ ಮರ್ಯಾದೆಯಿದೆ, ಹಬ್ಬಕ್ಕೆ ನನಗೆ ಒಂದು ಕೊಡ ಹೆಚ್ಚಿನ ನೀರು ತಂದುಕೊಡುತ್ತಾನೆ. ಆದರೆ ಯಾರಾದರೂ ಕೇಳಿದರೆ ಸಲೀಸಾಗಿ ಹೇಳುತ್ತಾನೆ, ನಮ್ಮಕ್ಕಗ ಓದು ಬ್ಯಾಡಾಗಿತ್ತು ಅಂತ. ಅವನು ಸುಳ್ಳು ಹೇಳುತ್ತಿಲ್ಲ. ಅವನು ನಿಜವಾಗಿಯೂ ಹಾಗೆ ನಂಬಿದ್ದಾನೆ, ನಾನು ಹೇಳಿದ್ದನ್ನು ಹತ್ತು ವರ್ಷದವನಿದ್ದಾಗ ಪಕ್ಕದಲ್ಲೇ ನಿಂತು ಕೇಳಿಸಿಕೊಂಡವನು.

ನೀವು ನಮ್ಮ ಪಾಠದಲ್ಲಿದ್ದೀರಿ. ಕಲಿಯುವ ಪ್ರತಿ ಮಗುವಿಗೂ ನಿಮ್ಮ ಮಾತು ಬಾಯಿಪಾಠ. ಓದಿನ ಸಾಲ ಮನ್ನಾ ಮಾಡಬೇಕೋ ಬೇಡವೋ ಎಂದು ನಾಡೆಲ್ಲ ಬಡಿದಾಡುತ್ತಿದ್ದ ಕಾಲ, ವಿಚಾರಣೆಯ ಮಂಡಳಿ ಗದಗಿಗೆ ಬಂದಿತ್ತು, ಕ್ಷೌರದ ಅಂಗಡಿಯವರ ಮಗಳೊಬ್ಬಳು ಎದ್ದು ನಿಂತು ನನ್ನ ಸಾಲ ನಾನೇ ತೀರಿಸಿದ್ದೇನೆ ಎಂದಳು, ನಾಡು ತಲೆದೂಗಿತು. ಪಾಠ ಅಲ್ಲಿಗೆ ಮುಗಿಯುತ್ತದೆ. ಚಿಕ್ಕಂದಿನಲ್ಲಿ ನಿಮ್ಮ ಹೆಸರು ಬಂದಾಗಲೆಲ್ಲ ನಾನು ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದೆ. ನಮ್ಮ ಮನೆಯವರು ಎಂಬ ಜಂಬ.

ಹೋದ ವಾರ ಕೇಳುಮನೆಯಲ್ಲಿ ಆ ವಿಚಾರಣೆಯನ್ನು ಪೂರ್ತಿ ಕೇಳಿದೆ. ಬೇರಿನ ಕಾಗದ ಬರೆಯುವ ತಾಯಂದಿರಿಗೆ ಆ ಹಕ್ಕಿದೆ, ಯಾರೂ ಬಳಸುವುದಿಲ್ಲ ಅಷ್ಟೇ. ಮೊದಲು ಒಬ್ಬ ಹುಡುಗನ ದನಿ. ಅವನ ಕಾಲೇಜು ಎರಡನೇ ವರ್ಷದಲ್ಲೇ ಬಾಗಿಲು ಹಾಕಿತ್ತು. "ಡಿಗ್ರಿ ಕೈಗೆ ಬರಲಿಲ್ರಿ, ಕಂತು ಮಾತ್ರ ತಪ್ಪದ ಬರ್ತಾವ" ಎಂದ. ಒಬ್ಬ ವಯಸ್ಸಾದವರು ಎದ್ದು, ತೆರಿಗೆ ಕಟ್ಟೋರು ನಾವು, ಕಾಲೇಜಿನ ಬಾಗಿಲ ಸೈತ ನೋಡದವರು, ಇವರ ಸಾಲ ನಾವ್ಯಾಕ ಹೊರಬೇಕು ಎಂದು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಆಮೇಲೆ ನಿಮ್ಮನ್ನು ಕರೆದರು. ನಿಮ್ಮ ದನಿ ನನ್ನ ತಾಯಿಯ ದನಿಯ ಹಾಗೇ ಇದೆ.

"ಹನ್ನೊಂದು ವರ್ಷ ಕಟ್ಟೇನ್ರಿ," ಎಂದಿರಿ. "ಹಬ್ಬಕ್ಕ ಒಂದು ಸೀರಿ ತಗೊಂಡಿಲ್ಲ, ಒಂದು ಸಿನಿಮಾ ನೋಡಿಲ್ಲ. ಫಾರ್ಮಸಿ ಓದೀನಿ, ದುಡದೀನಿ, ನನ್ನ ಸಾಲ ನಾನ ತೀರಿಸೀನಿ. ಈಗ ಇವರಿಗೆ ಮನ್ನಾ ಅಂದ್ರ ಕಟ್ಟಿದವರು ಹುಚ್ಚರೇನ್ರಿ?" ಜನ ಚಪ್ಪಾಳೆ ಹೊಡೆದರು. ನನಗೂ ಕೈ ಎತ್ತಬೇಕೆನ್ನಿಸಿತು, ಮುಚ್ಚುಮರೆ ಯಾಕೆ. ಇಪ್ಪತ್ತೊಂದು ವರ್ಷ ಗಾಜು ಒರೆಸಿದವಳಿಗೆ ಆ ಹೊಟ್ಟೆಯುರಿ ಅರ್ಥವಾಗುತ್ತದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಪಕ್ಕದ ಮನೆಯವಳ ಕಾಗದವನ್ನೇ ನೋಡಿ ಬರೆಯುತ್ತಿದ್ದೆ.

ಆದರೆ ಚಪ್ಪಾಳೆ ನಿಂತ ಮೇಲೆ ಹಿಂದಿನ ಸಾಲಿನಿಂದ ಇನ್ನೊಂದು ದನಿ ಬಂತು. "ಅಕ್ಕಾ, ಇಬ್ಬರೂ ಕೂಡೇ ಕಟ್ಟೇವಲ್ಲ. ಪ್ರೆಸ್ಸಿನ ಪಗಾರ ನಿನ್ನ ಕಂತಿಗೇ ಹೋಗ್ತಿತ್ತಲ್ಲ." ಗಟ್ಟಿಯಾಗಿ ಅಲ್ಲ, ಜಗಳಕ್ಕೂ ಅಲ್ಲ, ಅಕ್ಕ ಮರೆತಿರಬೇಕು, ನೆನಪಿಸೋಣ ಎನ್ನುವ ಹಾಗೆ. ಅಧ್ಯಕ್ಷರು ಅವರ್ಯಾರು ಎಂದು ಕೇಳಿದರು. ನೀವು ಸ್ವಲ್ಪ ಹೊತ್ತು ಸುಮ್ಮನಿದ್ದಿರಿ. ಆ ಸುಮ್ಮನಿರುವಿಕೆಯನ್ನು ನಾನು ಆರು ಸಲ ಹಿಂದಕ್ಕೆ ಸರಿಸಿ ಕೇಳಿದ್ದೇನೆ, ಪ್ರತಿಸಲವೂ ಈ ಬಾರಿಯಾದರೂ ನಿಜ ಹೇಳುತ್ತೀರಿ ಎಂದು ಕಾದಿದ್ದೇನೆ. "ನನ್ನ ತಂಗಿರಿ," ಎಂದಿರಿ. "ಆಕಿಗೆ ಓದು ಬ್ಯಾಡಾಗಿತ್ರಿ."

ಆಮೇಲೆ ಶಶಿಕಲಾಳ ಕಡೆಯಿಂದ ಕುರ್ಚಿ ಸರಿದ ಸದ್ದು ಮಾತ್ರ ಕೇಳುತ್ತದೆ, ಕೂತಳೋ ಹೊರಗೆ ಹೋದಳೋ ಗೊತ್ತಾಗುವುದಿಲ್ಲ.

ಅವಳಿಗೆ ನಿಜಕ್ಕೂ ಬೇಡವಾಗಿತ್ತು ಎಂದು ನೀವು ವಾದಿಸಬಹುದು. ಅದಕ್ಕೇ ಹೇಳುತ್ತೇನೆ, ನನ್ನ ಹತ್ತಿರ ಒಂದು ನೋಟುಬುಕ್ಕಿದೆ. ಅವಳು ದುಡಿಯುತ್ತಿದ್ದ ಗದಗಿನ ಪ್ರೆಸ್ಸಿನಲ್ಲಿ ಶಾಲೆಯ ನೋಟುಬುಕ್ಕುಗಳನ್ನು ಮಡಚಿ ಹೊಲಿಯುವುದು ಅವಳ ಕೆಲಸವಾಗಿತ್ತಲ್ಲ. ಗೆರೆ ತಪ್ಪಿ ಅಚ್ಚಾದ ರದ್ದಿ ಹಾಳೆಗಳನ್ನು ಕೂಡಿಸಿ ಹೊಲಿದುಕೊಂಡ ಪುಸ್ತಕವದು. ನೂರ ಮೂವತ್ತು ವರ್ಷ ಐದು ಟ್ರಂಕು ಬದಲಾಯಿಸಿಕೊಂಡು ನನ್ನ ತನಕ ಬಂದಿದೆ. ಅದರ ತುಂಬ ನಿಮ್ಮ ಫಾರ್ಮಸಿ ಪಾಠಗಳು, ಅವಳ ಅಕ್ಷರದಲ್ಲಿ. ಯಾವ ಔಷಧ ಯಾವುದರ ಜೊತೆ ಕೊಡಬಾರದು, ಮಗುವಿಗೆ ಎಷ್ಟು, ಬಸುರಿಗೆ ಎಷ್ಟು. ನೀವು ಪ್ರಶ್ನೆ ಹಾಕಿದ್ದೀರಿ, ಅವಳು ಉತ್ತರ ಬರೆದಿದ್ದಾಳೆ, ನೀವು ಕೆಂಪು ಪೆನ್ನಿನಲ್ಲಿ ತಿದ್ದಿದ್ದೀರಿ. ಕೊನೆಯ ಪುಟದಲ್ಲಿ ನಿಮ್ಮ ಕೈಬರಹ: ಹತ್ತಕ್ಕೆ ಒಂಬತ್ತೂವರೆ, ನನಗಿಂತ ಜಾಣಿ ಅದೀ, ನನ್ನದು ಮುಗಿಲಿ, ಮುಂದ ನಿಂದ ಪಾಳಿ. ಇದನ್ನು ಬರೆದ ಕೈಯೇ ಆ ದಿನ ಮೈಕು ಹಿಡಿದಿತ್ತು. ನಿನಗೆ ಗೊತ್ತಿತ್ತು, ಮಹಾನಂದಾ. ಗೊತ್ತಿಲ್ಲದವಳು ಆಡಿದ್ದರೆ ನಾನು ಬಿಟ್ಟುಬಿಡುತ್ತಿದ್ದೆ. ಹತ್ತಿದ ಏಣಿಯನ್ನು ಒದೆಯುವವರನ್ನು ಕಂಡಿದ್ದೇನೆ. ನೀನು ಅದು ಏಣಿಯೇ ಅಲ್ಲ, ತಾನಾಗಿ ಅಲ್ಲಿ ಬಿದ್ದಿದ್ದ ಮರದ ತುಂಡು ಎಂದೆ. ನಿನ್ನ ರಕ್ತವೇ ನನ್ನ ಮೈಯಲ್ಲಿ ಹರಿಯುತ್ತಿದೆ ಎಂದು ನೆನೆದರೆ ನನಗೆ ನಾಚಿಕೆಯಾಗುತ್ತದೆ.

ಆಡಿದ ಮಾತು, ಒಡೆದ ಮುತ್ತು. ಮಂಡಳಿಯವರು ನಿಮ್ಮ ಮಾತನ್ನು ಎತ್ತಿಕೊಂಡು ತಮ್ಮ ವರದಿಯಲ್ಲಿ ಬರೆದರು: ಮನ್ನಾ ಅಗತ್ಯವಿಲ್ಲ, ಎಷ್ಟೋ ಮನೆಗಳಲ್ಲಿ ಓದು ಬೇಡವಾದ ಒಬ್ಬರು ಇರುತ್ತಾರೆ, ಅವರ ದುಡಿಮೆಯ ಆಸರೆಯಿಂದ ಸಾಲ ತೀರಿಸಬಹುದು ಎಂಬುದಕ್ಕೆ ಗದಗಿನ ಅಕ್ಕತಂಗಿಯರೇ ಸಾಕ್ಷಿ. ಮೊದಲು ಒಡಹುಟ್ಟಿದವರು ಜೊತೆಗೆ ಸಹಿ ಹಾಕಿದರೆ ಬಡ್ಡಿಯಲ್ಲಿ ರಿಯಾಯಿತಿ ಎಂದರು. ಜನ ಸಂತೋಷದಿಂದ ಹಾಕಿದರು. ಆಮೇಲೆ ಸಹಿ ಇಲ್ಲದವರಿಗೆ ಸಾಲ ಇಲ್ಲವೆಂದರು. ಆಮೇಲೆ ದುಡ್ಡಿನ ಬದಲು ದುಡಿಮೆಯ ವರ್ಷಗಳೇ ಸಾಲವಾದವು. ಬೆರಳು ಕೊಟ್ಟರೆ ಹಸ್ತ ನುಂಗಿದರು. ಪ್ರತಿ ಹಂತದಲ್ಲೂ ಯಾರೋ ಒಬ್ಬರು ಇದು ಅನ್ಯಾಯ ಎಂದಾಗ, ಅನ್ಯಾಯ ಹೇಗೆ, ಅವರಿಗೆ ಓದು ಬೇಡವಲ್ಲ, ಅವರ ಬಾಯಿಂದಲೇ ಕೇಳಿ ಎಂಬ ಉತ್ತರ ಸಿದ್ಧವಿತ್ತು. ಬಾಯಿಂದ ಹೇಳಿಸುವ ಪದ್ಧತಿ ಹುಟ್ಟಿದ್ದು ಹೀಗೆ.

ಈಗ ನನ್ನ ಮನೆಯ ವಿಷಯ. ನನಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಮಾಯವ್ವ, ಹದಿಮೂರು ವರ್ಷ, ಹುಟ್ಟಿದಾಗಿನಿಂದ ಉಬ್ಬಸ. ಓದಿನಲ್ಲಿ ಅಷ್ಟಕ್ಕಷ್ಟೇ, ಅವಳೇ ನಗುತ್ತಾ ಒಪ್ಪಿಕೊಳ್ಳುತ್ತಾಳೆ. ಚಿಕ್ಕವಳು ಹೂವಕ್ಕ, ಈ ತಿಂಗಳು ಹತ್ತು ತುಂಬಿತು. ಅವಳಿಗೆ ಪ್ರಶ್ನೆ ಕೇಳುವುದೆಂದರೆ ಊಟಕ್ಕಿಂತ ಇಷ್ಟ. ಮಾಯವ್ವನನ್ನು ಬಿಸಿಲುಹಾಸಿಗೆ ಕಳಿಸಿದರೆ ಆ ಧೂಳಿನಲ್ಲಿ ಎರಡು ಬೇಸಿಗೆ ಬದುಕುವುದಿಲ್ಲವೆಂದು ವೈದ್ಯರು ಬಾಯಿಬಿಟ್ಟು ಹೇಳಿದ್ದಾರೆ. ಯಾರೂ ಹೊರುವುದಿಲ್ಲ ಎನ್ನುವ ಹಾಗಿಲ್ಲ, ಹಾಗೆಂದ ಮನೆಯ ಇಬ್ಬರೂ ಮಕ್ಕಳು ಗಾಜಿಗೇ ಹೋಗುತ್ತಾರೆ. ಇನ್ನು ಒಂಬತ್ತು ದಿನ. ಹಿರಿಯರಿಗೆ ಹೂವಕ್ಕನ ಹೆಸರು ಕೊಟ್ಟು ಬಂದಿದ್ದೇನೆ.

ಪಂಪಣ್ಣ ಹೇಳುವುದು ನಿಜವಾಗಿದ್ದು, ಈ ಕಾಗದ ನೀವು ಆ ಸಭೆಗೆ ಹೋಗುವ ಮುಂಚೆ ಕೈಸೇರಿದರೆ, ನನ್ನದೊಂದು ಬೇಡಿಕೆ. ಮನ್ನಾ ಮಾಡಿ ಎಂದು ಹೇಳಬೇಕಾಗಿಲ್ಲ. ಬೇಡವೆಂದೇ ಹೇಳಿ. ಕಟ್ಟಿದವರ ಸಂಕಟ ಹೇಳಿ, ಸೀರೆ ಸಿನಿಮಾ ಎಲ್ಲ ಹೇಳಿ, ಚಪ್ಪಾಳೆ ಹೊಡೆಸಿಕೊಳ್ಳಿ. ಅಧ್ಯಕ್ಷರು ಅವರ್ಯಾರು ಎಂದು ಕೇಳಿದಾಗ ಮಾತ್ರ ಹಿಂದಿರುಗಿ ಶಶಿಕಲಾಳ ಮುಖ ನೋಡಿ. ನೋಟುಬುಕ್ಕಿನಲ್ಲಿ ಬರೆದದ್ದನ್ನೇ ಬಾಯಲ್ಲಿ ಹೇಳಿ. ಆಕಿಗೂ ಬೇಕಾಗಿತ್ರಿ ಅನ್ನಿ. ಇಷ್ಟು ಸಾಕು. ಅದರಿಂದ ನಾಡು ಬದಲಾಗುತ್ತದೋ ಇಲ್ಲವೋ ನನಗೆ ತಿಳಿಯದು. ಮೂವರು ಹಿರಿಯರ ಮುಂದೆ ಆಡುವ ಒಂದು ಸುಳ್ಳಾದರೂ ಕಡಿಮೆಯಾದೀತು.

ಹೋಗಿ ಬನ್ನಿ ಎನ್ನುವ ಮನಸ್ಸಿಲ್ಲ, ಹಾಳಾಗಿ ಹೋಗಿ ಎನ್ನಲು ನೀವು ನನಗೆ ದೊಡ್ಡಜ್ಜಿ. ಎರಡನ್ನೂ ಬಿಟ್ಟು ನಿಲ್ಲಿಸುತ್ತೇನೆ.

ಇವತ್ತು ಬೆಳಿಗ್ಗೆ, ಊರು ಮುಚ್ಚುವ ಮುಂಚೆ, ಹೂವಕ್ಕನನ್ನು ಎದುರಿಗೆ ಕೂರಿಸಿಕೊಂಡು ಹಿರಿಯರ ಮುಂದೆ ಹೇಳಬೇಕಾದ ಮಾತನ್ನು ಕಲಿಸಲು ಶುರುಮಾಡಿದೆ. ಅಳಬಾರದು, ತಲೆ ತಗ್ಗಿಸಬಾರದು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲ ಹೇಳಿಕೊಟ್ಟೆ. ನನಗೆ ನಾಲ್ಕು ಸಲ ಬೇಕಾಗಿದ್ದುದರಿಂದ ಒಂಬತ್ತು ದಿನ ಇಟ್ಟುಕೊಂಡಿದ್ದೆ. ಅವಳು ಎದ್ದು ನಿಂತು, ಪಾಟಿಯನ್ನು ಮುಂದೆ ಚಾಚಿ, ಒಂದಕ್ಷರ ತಪ್ಪದೆ ಹೇಳಿ, ಸರಿ ಬಂತೇನವ್ವ ಎಂದು ಕೇಳಿದಳು. ಒಂದೇ ಸಲಕ್ಕೆ ಬಂತು. ಅವಳಿಗೆ ಏನು ಕಲಿಸಿದರೂ ಒಂದೇ ಸಲಕ್ಕೆ ಬರುತ್ತದೆ.

ಬಾಳವ್ವ
ಶಶಿಕಲಾಳ ಕಡೆಯವಳು