ಗೋದಾವರಿಬಾಯಿಯ ಸಹಿ

ಹಬ್ಬುವಾಡ, ಕಾರವಾರ
ಭಾನುವಾರ, 9 ಫೆಬ್ರವರಿ 2025

ಪ್ರೀತಿಯ ಆಯೀ,

ನಿನ್ನ ಮಂಡಿನೋವು ಹೇಗಿದೆ? ಅಕ್ಕನ ಮನೆಯ ಲಿಫ್ಟ್ ಮತ್ತೆ ಕೆಟ್ಟಿದೆಯಂತೆ. ಹಾಲು, ಕೊತ್ತಂಬರಿ ಅಂತ ದಿನಕ್ಕೆ ನಾಲ್ಕು ಸಲ ಮೂರು ಮಹಡಿ ಹತ್ತಿಳಿಯಬೇಡ. ದೀಕ್ಷಕ್ಕನಿಗೆ ಈಗಲಾದರೂ ರಾತ್ರಿ ಸ್ವಲ್ಪ ನಿದ್ದೆ ಸಿಗುತ್ತಿದೆಯೇ? ನೀನು ಹಾಡಿದರೆ ಮಗು ಮಲಗುವುದು ಬಿಟ್ಟು ಕಣ್ಣು ಅಗಲಿಸುತ್ತದೆ ಎಂದು ಭಾವ ಹೇಳಿದರು. ಪಾಪ, ಅದು ಹಾಡು ಎಂದು ಅದಕ್ಕಿನ್ನೂ ಗೊತ್ತಾಗಿಲ್ಲ. ನಮ್ಮ ಓಣಿಯ ಸೋಮುಮಾಮ ಇವತ್ತು ಸಂಜೆಯ ರೈಲಿಗೆ ಮುಂಬೈಗೆ ಹೊರಟಿದ್ದಾರೆ, ನಾಳೆ ಬೆಳಿಗ್ಗೆ ಎಂಟರೊಳಗೆ ನಿನಗೆ ಮುಟ್ಟಿಸುತ್ತಾರಂತೆ. ಒಣ ಸಿಗಡಿ, ಸಾರಿನ ಹುಳಿಗೆ ಅಂಕೋಲೆಯಿಂದ ಅಪ್ಪ ಕಳಿಸಿದ ಮುರುಗಲ ಸಿಪ್ಪೆ, ಜೊತೆಗೆ ಈ ಪತ್ರ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಸ್ಪೀಕರ್ ಹಾಕದೆ ಮಾತಾಡುವವಳಲ್ಲ, ಅಕ್ಕನ ಅತ್ತೆ ಪಕ್ಕದಲ್ಲೇ ಇರುತ್ತಾರೆ. ಮೇಲಾಗಿ ನನಗೆ ಬಾಯಿಗಿಂತ ಕೈ ವಾಸಿ.

ಬೆಳಿಗ್ಗೆ ಮೀನಿನ ಹೊನ್ನಿ ಬಂದಿದ್ದಳು. ನಾನು ಪಾತ್ರೆ ಮರೆತು ಬರಿಗೈಯಲ್ಲಿ ಇಳಿದು ಹೋದದ್ದು ನೋಡಿ, ‘ಎಂತ ತಂಗಿ, ಬಂಗಡೆ ಓಡ್ನಿ ಸೆರಗಲ್ಲಿ ಕಟ್ಕಂಡು ಹೋಗ್ತ್ಯಾ?’ ಎಂದು ಓಣಿಗೆಲ್ಲ ಕೇಳುವ ಹಾಗೆ ಕೂಗಿದಳು. ನನ್ನ ಬಾಯಿಂದ ತಾನಾಗಿ ಬಂತು, ‘ಸಾರಿ ಸರ್.’ ಹೊನ್ನಿ ಬುಟ್ಟಿ ಹಿಡಿದುಕೊಂಡು ನಕ್ಕಳು. ‘ನಾ ಯಾವಾಗ ಸರ್ ಆದೆ ಮಾರಾಯ್ತಿ!’ ನಾನೂ ನಕ್ಕೆ. ಆದರೆ ಆಮೇಲೆ ಮೀನು ಹೆಚ್ಚುವಾಗ ಗಮನಿಸಿದೆ, ನನ್ನ ಎರಡೂ ಭುಜ ಕಿವಿಯ ತನಕ ಏರಿಕೊಂಡು ನಿಂತಿದ್ದವು. ಯಾರೂ ಬೈಯದ ಭಾನುವಾರ, ನನ್ನದೇ ಅಡಿಗೆಮನೆ. ಯಾವಾಗಿನಿಂದ ಹೀಗೆ ನಿಲ್ಲುತ್ತಿದ್ದೇನೋ ಗೊತ್ತಿಲ್ಲ.

ನಾನು ಮಂಗೇಶ ಸರ್ ಅವರ ಪ್ರೆಸ್ಸಿಗೆ ಪ್ರೂಫ್ ನೋಡಲು ಸೇರಿ ಹದಿನಾಲ್ಕು ತಿಂಗಳಾಯಿತು. ನೀನು ಸರ್ ಅವರ ಹೆಂಡತಿ ಲಲಿತಕ್ಕನ ಮನೆಗೆ ಮೂರು ಸಲ ಹೋಗಿ, ಅವರು ಗಂಡನಿಗೆ ಹೇಳಿ ಸಿಕ್ಕ ಕೆಲಸ. ಅದಕ್ಕೇ ಇಷ್ಟು ದಿನ ನಿನಗೆ ‘ಎಲ್ಲ ಚೆನ್ನಾಗಿದೆ’ ಎಂದೇ ಹೇಳುತ್ತಿದ್ದೆ. ಸರ್ ಪ್ರೂಫನ್ನು ಕೈಗೆ ಕೊಡುವುದಿಲ್ಲ, ಮೇಜಿನ ಮೇಲೆ ಎಸೆಯುತ್ತಾರೆ. ಗಿರಾಕಿಗಳ ಎದುರಿಗೇ, ‘ಏನ್ ಸಾಹಿತಿ ಬಾಯಿ, ಕವಿತೆ ಮುಗೀತಾ? ಮುಗಿದ್ರೆ ಒಂಚೂರು ನಮ್ಮ ಕೆಲಸನೂ ಮಾಡಿ’ ಎನ್ನುತ್ತಾರೆ. ಎಂಟೂವರೆಯ ತನಕ ಕೂರಿಸಿಕೊಳ್ಳುವುದರಿಂದಲೇ ಅಂಕೋಲೆಯ ಮನೆ ಬಿಟ್ಟು ಇಲ್ಲಿ ಖೋಲಿ ಹಿಡಿಯಬೇಕಾಯಿತು. ಇದೆಲ್ಲ ನನಗೆ ಅಭ್ಯಾಸವಾಗಿಬಿಟ್ಟಿತ್ತು ಆಯೀ. ನಿನ್ನೆ ಆದದ್ದು ಮಾತ್ರ ಬೇರೆ.

ಮದುವೆ ಪತ್ರಿಕೆಗಳನ್ನು ಸರ್ ತಾವೇ ಕಂಪ್ಯೂಟರಿನಲ್ಲಿ ಜೋಡಿಸುತ್ತಾರೆ. ಹಳೆಯ ಯಾರದೋ ಪತ್ರಿಕೆ ತೆಗೆದು ಹೆಸರು ಬದಲಿಸುವುದು ಅವರ ಪದ್ಧತಿ. ಸುಂಕಸಾಳದ ಜಗದೀಶ ಎಂಬವರ ಮಗನ ಪತ್ರಿಕೆಯನ್ನೂ ಹಾಗೇ ಮಾಡಿದರು. ಅಜ್ಜನ ಹೆಸರಿನ ಹಿಂದೆ ‘ದಿವಂಗತ’ ಎಂದಿತ್ತು. ಜಗದೀಶರು ಬರೆದುಕೊಟ್ಟ ಚೀಟಿಯಲ್ಲಿ ಅದು ಇರಲಿಲ್ಲ. ನಾನು ಪ್ರೂಫ್ ಹಿಡಿದುಕೊಂಡು ಹೋಗಿ, ‘ಸರ್, ಈ ಅಜ್ಜ ಇದ್ದಾರೇನೋ’ ಎಂದೆ. ‘ನಿನ್ನ ಕೇಳಿದ್ನಾ? ಅಚ್ಚಿಗೆ ಕೊಡು’ ಎಂದರು. ಕೊಟ್ಟೆ. ಜಗದೀಶರಿಗೆ ಒಂದು ಫೋನ್ ಮಾಡಿ ಕೇಳಬಹುದಿತ್ತು. ಮಾಡಲಿಲ್ಲ.

ಮೊದಲ ಪತ್ರಿಕೆಯ ನಾಲ್ಕು ಮೂಲೆಗೆ ಅರಿಶಿನ ಹಚ್ಚಿ, ವೀಳ್ಯದೆಲೆಯ ಜೊತೆ ಕೊಡುವುದು ಪ್ರೆಸ್ಸಿನ ಹಳೆಯ ರೂಢಿ. ಅದನ್ನು ಜಗದೀಶರ ಮನೆಯವರು ಮನೆದೇವರ ಮುಂದೆ ಇಟ್ಟೂ ಆಗಿತ್ತು. ಹಣೆಗೆ ಪ್ರಸಾದ ಹಚ್ಚಿಕೊಂಡು, ಕನ್ನಡಕ ಏರಿಸಿ, ಮೊಮ್ಮಗನ ಪತ್ರಿಕೆಯನ್ನು ಮೊದಲು ಓದಿದವರು ಆ ಅಜ್ಜನೇ! ನಿನ್ನೆ ಮಧ್ಯಾಹ್ನ ಕೋಲೂರಿಕೊಂಡು ಪ್ರೆಸ್ಸಿಗೆ ಬಂದರು. ‘ನಾನೇ ದಿವಂಗತ ಜಟ್ಟು. ಸುಂಕಸಾಳದಿಂದ ಬಸ್ಸಿಗೆ ಬಂದೆ. ಸತ್ತವ್ರಿಗೂ ಟಿಕೆಟ್ ಹರಿದ ಮಾರಾಯ, ಆ ಕಂಡಕ್ಟರ್!’ ಎಂದರು. ನನಗೆ ನಗು ತಡೆಯಲಾಗಲಿಲ್ಲ. ಆದರೆ ಹಿಂದೆ ನಿಂತಿದ್ದ ಜಗದೀಶರ ಮುಖದಲ್ಲಿ ನಗು ಇರಲಿಲ್ಲ. ‘ದೇವ್ರ ಮುಂದೆ ಇಟ್ಟಾಯ್ತು. ನಮ್ಮ ಆಯಿ ನಿನ್ನೆಯಿಂದ ಊಟ ಬಿಟ್ಟು ಕೂತಿದೆ. ಈಗೆಂತ ಮಾಡುದು, ಹೇಳಿ’ ಎಂದರು.

ಸರ್ ಒಂದು ಕ್ಷಣವೂ ಯೋಚಿಸಲಿಲ್ಲ. ಒಳಗೆ ಕಾಗದ ಕತ್ತರಿಸುತ್ತಿದ್ದ ಗೋದಾವರಿಬಾಯಿಯನ್ನು ಕರೆದು, ‘ಈ ಹೆಂಗಸೇ ಚೀಟಿ ಅದಲುಬದಲು ಮಾಡಿದ್ದು. ಕಾಲು ಹಿಡಿ ಅಜ್ಜಂದು’ ಎಂದರು. ಸರ್ ಅವರ ಅಪ್ಪನ ಕಾಲದಿಂದ ಅಲ್ಲಿ ಕತ್ತರಿಸಿ, ಕಟ್ಟಿ, ಪ್ಯಾಕ್ ಮಾಡುವ ಹೆಂಗಸು ಅವರು. ಕಂಪ್ಯೂಟರ್ ಮುಟ್ಟಿದವರೇ ಅಲ್ಲ. ಆದರೂ ಬಗ್ಗಿದರು. ಜಟ್ಟು ಅಜ್ಜ ಕಾಲು ಹಿಂದೆ ಎಳೆದುಕೊಂಡರು, ‘ಏಳು ಬಾಯಿ, ನಾ ಎಂತ ದೇವ್ರಾ?’

ಸಂಜೆ ಸರ್ ನನ್ನನ್ನು ಕರೆದರು. ಹೊಸ ಪತ್ರಿಕೆಯ ಜೊತೆ ಜಗದೀಶರಿಗೆ ತಪ್ಪೊಪ್ಪಿಗೆ ಕಾಗದವೂ ಹೋಗಬೇಕು, ಗೋದಾವರಿಬಾಯಿಯ ಹೆಸರಿನಲ್ಲಿ. ‘ನೀನು ಸಾಹಿತಿ ಅಲ್ವಾ, ಓದಿದವ್ರ ಕಣ್ಣಲ್ಲಿ ನೀರು ಬರ್ಬೇಕು, ಹಾಗೆ ಬರಿ.’ ನಾನು ಬರೆದೆ ಆಯೀ. ಹತ್ತು ನಿಮಿಷದಲ್ಲಿ ಬರೆದೆ. ಎಷ್ಟು ಚೆನ್ನಾಗಿ ಬಂತೆಂದರೆ ನನಗೇ ಹೆದರಿಕೆಯಾಯಿತು. ‘ವಯಸ್ಸಾದ ಕಣ್ಣು’ ಎಂದೆಲ್ಲ ಸೇರಿಸಿದ್ದೆ. ಗೋದಾವರಿಬಾಯಿ ಕಲಿತದ್ದು ನಾಲ್ಕನೇ ಇಯತ್ತೆ ಮರಾಠಿ, ಕನ್ನಡ ಓದಲು ಬರುವುದಿಲ್ಲ. ಓದಿ ಹೇಳುತ್ತೇನೆ ಎಂದೆ. ‘ಬೇಡ ಬಾಳಾ. ನೀನು ಬರ್ದದ್ದಲ್ವಾ, ಸುಳ್ಳು ಇರೂದಿಲ್ಲ’ ಎಂದು ಸಹಿ ಹಾಕಿದರು. ದೊಡ್ಡ ದೊಡ್ಡ ಮರಾಠಿ ಅಕ್ಷರ, ಶಾಲೆಯ ಹುಡುಗಿ ಬರೆದ ಹಾಗೆ.

ಆ ಕಾಗದವನ್ನು ಸರ್‌ಗೆ ಕೊಡಲಿಲ್ಲ. ತಪ್ಪಿದೆಯೇ ಎಂದು ಇನ್ನೊಮ್ಮೆ ಓದಿ ಸೋಮವಾರ ತರುತ್ತೇನೆ ಎಂದು ಚೀಲಕ್ಕೆ ಹಾಕಿಕೊಂಡು ಬಂದೆ. ಬಿ.ಎ. ಮುಗಿಸಿದಾಗ ಅಪ್ಪ, ‘ಕನ್ನಡ ಓದಿ ಎಂತ ಮಾಡ್ತಿ’ ಎಂದು ಕೇಳಿದ್ದರು. ಇದನ್ನಂತೂ ಮಾಡುವುದಕ್ಕಲ್ಲ ಎಂದು ಈಗ ಗೊತ್ತಾಯಿತು.

ಅಂಕೋಲೆ ಬಸ್‌ಸ್ಟ್ಯಾಂಡ್ ಹತ್ತಿರ ಯಶೋದಕ್ಕನ ಟೈಪಿಂಗ್ ಅಂಗಡಿ ಇದೆಯಲ್ಲ, ಅರ್ಜಿ ಬರೆದುಕೊಡುವುದಕ್ಕೆ ಒಬ್ಬರು ಬೇಕೆಂದು ದೀಪಾವಳಿಯಲ್ಲೇ ಹೇಳಿದ್ದರು. ಇವತ್ತು ಫೋನ್ ಮಾಡಿದೆ. ‘ಇನ್ನೂ ಖಾಲಿ ಇದೆ, ಬಾ. ಆದ್ರೆ ನಂದೂ ಬಾಯಿ ಸ್ವಲ್ಪ ಜೋರೇ, ಮೊದ್ಲೇ ಹೇಳ್ದೆ’ ಎಂದು ನಕ್ಕರು. ಸಂಬಳ ಕಡಿಮೆ. ಐದೂವರೆಗೆ ಬಾಗಿಲು ಹಾಕುತ್ತಾರೆ. ಮನೆಯಿಂದಲೇ ಹೋಗಿಬರಬಹುದು, ಅಪ್ಪನಿಗೂ ಬಿಸಿ ಅನ್ನ ಸಿಕ್ಕೀತು, ಬಿ.ಎಡ್.ಗೂ ಓದಿಕೊಳ್ಳಬಹುದು. ಏನು ಮಾಡಲಿ ಎಂದು ನಿನ್ನನ್ನು ಕೇಳೋಣ ಎಂದೇ ಈ ಪತ್ರ ಬರೆಯಲು ಕೂತದ್ದು.

ಅಕ್ಕನಿಗೂ ಭಾವನಿಗೂ ನನ್ನ ನೆನಪು ಹೇಳು, ಅತ್ತೆಯವರಿಗೆ ನಮಸ್ಕಾರ. ಮಗುವಿನ ಅಂಗಾಲಿಗೆ ನನ್ನದೊಂದು ಮುತ್ತು. ನಿನ್ನ ಕೈ ನನ್ನ ತಲೆಯ ಮೇಲೆ ಇದೆ ಎಂದುಕೊಂಡು ಮುಗಿಸುತ್ತೇನೆ.

ನಿನ್ನ
ನೀತಾ

ತಾ.ಕ.: ಸೋಮುಮಾಮ ಕೆಳಗೆ ಹಾರ್ನ್ ಹೊಡೆಯುತ್ತಿದ್ದಾರೆ. ಬರೆಯುತ್ತ ಬರೆಯುತ್ತ ಕೇಳುವುದು ಏನೂ ಉಳಿಯಲಿಲ್ಲ ಆಯೀ. ನಿನ್ನೆಯ ಕಾಗದ ಹರಿದು ಹಾಕಿದೆ. ನಾಳೆ ಹತ್ತು ಗಂಟೆಗೆ ರಾಜೀನಾಮೆ ಕೊಡುತ್ತೇನೆ. ತಪ್ಪು ಗೋದಾವರಿಬಾಯಿಯದಲ್ಲ, ನಾನು ನೋಡಿಯೂ ಸುಮ್ಮನಿದ್ದೆ ಎಂದು ಅದರಲ್ಲೇ ಬರೆಯುತ್ತೇನೆ. ಒಂದು ಪ್ರತಿ ಜಟ್ಟು ಅಜ್ಜನಿಗೂ ಹೋಗುತ್ತದೆ. ಹತ್ತೂವರೆಗೆ ಲಲಿತಕ್ಕ ನಿನಗೆ ಫೋನ್ ಮಾಡಬಹುದು. ಏನು ಬೇಕಾದರೂ ಮಾತಾಡು, ‘ಹುಡುಗಿಗೆ ಬುದ್ಧಿ ಇಲ್ಲ, ಕ್ಷಮಿಸಿ’ ಎಂದು ಮಾತ್ರ ಹೇಳಬೇಡ.