ಕುರ್ಚಿಯ ಬಲಗೈ

ಮಾರ್ಚ್ ೯, ಭಾನುವಾರ
ಅಂಗಡಿಯಲ್ಲಿ ಕೂತು, ಮಧ್ಯಾಹ್ನ

ಮುದ್ದು ಮಗಳೇ,

ನೀನೂ ಹೊಟ್ಟೆಯೊಳಗಿನ ಪುಟಾಣಿಯೂ ಚೆನ್ನಾಗಿದ್ದೀರೆಂದು ನಂಬಿ ಬರೆಯುತ್ತಿದ್ದೇನೆ. ತಡವಾಯಿತು, ಬೈಯಬೇಡ. ಕಾಗದ ಮುಂದಿಟ್ಟುಕೊಂಡ ಕೂಡಲೇ ಯಾರಾದರೂ ಒಳಗೆ ಬಂದು 'ಇದು ಎಷ್ಟು ಹಳೇದು?' ಅನ್ನುತ್ತಾರೆ ಅಂತ ನೆಪ ಹೇಳಬಹುದು. ನಿಜ ಏನೆಂದರೆ, ಬರೆಯಲು ಕೈಯೇ ಬರಲಿಲ್ಲ.

ಮೊದಲು ಸುದ್ದಿ. ನಿನ್ನಪ್ಪನ ಮಂಡಿನೋವು ವಾಸಿ. ಈಗ ಪುರುಸೊತ್ತಾಗಿ ನನ್ನ ತಲೆ ತಿನ್ನುತ್ತಿದ್ದಾರೆ. ಹೋದ ವಾರ ಹರಾಜಿನಿಂದ ಒಂದು ಗೋಡೆ ಗಡಿಯಾರ ಹೊತ್ತು ತಂದರು. 'ಇದು ಓಡೋದೇ ಇಲ್ವಲ್ರೀ' ಅಂದೆ. 'ನಾನೂ ಓಡಲ್ಲ, ಇಟ್ಕೊಂಡಿಲ್ವಾ?' ಅಂದರು. ಬಾಯಿಗೇನೂ ಕಡಿಮೆಯಿಲ್ಲ. ಮೊನ್ನೆ ಒಬ್ಬ ರಿಪೇರಿಗೆ ಕೊಟ್ಟಿದ್ದ ತನ್ನ ಬೆಳ್ಳಿ ಡಬ್ಬಿ ಬದಲಾಗಿದೆ ಅಂತ ಜಗಳಕ್ಕೆ ಬಂದಿದ್ದ. ಕಣ್ಣು ಮುಚ್ಚಿಕೊಂಡೇ ಹೇಳಿದೆ: ಮುಚ್ಚಳದ ಒಳಗೆ ಉದ್ದ ಗೀರು, ಹಿಂದೆ ಒಂದು ಸಣ್ಣ ತಗ್ಗು. ತೆರೆದು ನೋಡಿ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟ. ಕೈಗೆ ಬಂದ ವಸ್ತುವಿನ ಗುರುತು ನಿನ್ನಮ್ಮ ಮರೆಯುವವಳಲ್ಲ.

ಇನ್ನು ಕುರ್ಚಿಯ ವಿಷಯ. 'ನನ್ನ ಮಗುವಿಗೆ ಆ ಪುಟ್ಟ ಕುರ್ಚಿಯೇ ಬೇಕು, ಸೋದರಮಾವ ಕಚ್ಚಿದ ಪಕ್ಕದಲ್ಲೇ ಅದೂ ಕಚ್ಚಲಿ' ಅಂತ ಬರೆದಿದ್ದೆಯಲ್ಲ, ಓದಿ ನಾವಿಬ್ಬರೂ ನಕ್ಕೆವು, ಆಮೇಲೆ ಅತ್ತೆವು. ಹಲ್ಲು ಬರುವಾಗ ನಿನ್ನ ತಮ್ಮ ಆ ಕುರ್ಚಿಯ ಬಲಗೈಯನ್ನೇ ಕಡಿಯುತ್ತಿದ್ದ. ನೀನು ಅವನನ್ನು 'ಇಲಿಮರಿ' ಅಂತ ರೇಗಿಸುತ್ತಾ ಗುರುತುಗಳ ಮೇಲೆ ಬೆರಳಿಟ್ಟು ಎಣಿಸುತ್ತಿದ್ದೆ. ಎರಡು ತುಂಬುವ ಮೊದಲೇ ಜ್ವರ ಅವನನ್ನು ಕೊಂಡೊಯ್ದಿತು. ಅಂದಿನಿಂದ ಕುರ್ಚಿ ಗಲ್ಲಾಪೆಟ್ಟಿಗೆಯ ಪಕ್ಕ ಬಿಟ್ಟು ಕದಲಿಲ್ಲ. ಗಿರಾಕಿಯೊಬ್ಬ 'ಇಲಿ ಕಡಿದಿದೆ, ಬೆಲೆ ಇಳಿಸಿ' ಅಂದಾಗ 'ಹೌದು, ನಮ್ಮನೆ ಇಲಿ. ಮಾರೋದಿಲ್ಲ' ಅಂದಿದ್ದೆ.

ಅದರ ಒಂದು ಕಾಲು ಅಲ್ಲಾಡುತ್ತಿತ್ತು. ಅದನ್ನಷ್ಟೇ ಬಿಗಿ ಮಾಡಿಕೊಡಲಿ ಅಂತ ಪಾಲಿಶ್ ಮಾಮನಿಗೆ ಕೊಟ್ಟೆ. ಹಳೇ ಸಾಮಾನನ್ನು ಉಪ್ಪುಕಾಗದ ಹಾಕಿ ಉಜ್ಜಬಾರದು, ಸವೆದದ್ದೇ ಅದರ ಬೆಲೆ ಅಂತ ನಮಗೆ ಕಲಿಸಿದವರೇ ಅವರು. ಆದರೆ ಅವರು ನಮ್ಮ ಅಂಗಡಿಗೆ ಬಂದದ್ದು ನಿನ್ನ ತಮ್ಮ ಹೋದ ಮೇಲೆ. ಅವನ ಮಾತನ್ನು ನಾವ್ಯಾರೂ ಅವರ ಮುಂದೆ ಎತ್ತಿದ್ದಿಲ್ಲ. ಗುರುವಾರ ಕುರ್ಚಿಯನ್ನು ಬಟ್ಟೆಯಲ್ಲಿ ಸುತ್ತಿ, ಎಳೆಗೂಸನ್ನು ತರುವ ಹಾಗೆ ಎದೆಗವಚಿಕೊಂಡು ತಂದರು. ಬಿಚ್ಚಿದರೆ ಮುಖ ಕಾಣಿಸುವಷ್ಟು ಹೊಳಪು. ಬಲಗೈ ನುಣ್ಣಗಿತ್ತು.

'ಮಾರೋ ಸಾಮಾನಾಗಿದ್ರೆ ಮುಟ್ತಾನೇ ಇರ್ಲಿಲ್ಲಮ್ಮ,' ಅಂದರು. 'ಇದು ನಮ್ಮ ಹುಡುಗಿ ಮಗೂಗಲ್ವಾ? ಎಳೇ ಕೈ. ಇಲ್ಲೆಲ್ಲ ತರಿತರಿ ಇತ್ತು. ಸಿಬಿರು ಚುಚ್ಚಿದ್ರೆ ಏನ್ ಗತಿ? ಕೂತು ಉಜ್ಜಿ ಉಜ್ಜಿ ತೆಗ್ದೆ. ಕೈಯಿಟ್ಟು ನೋಡಿ.'

ಕೈಯಿಟ್ಟು ನೋಡಿದೆ. 'ತುಂಬಾ ಚೆನ್ನಾಗಾಗಿದೆ' ಅಂದೆ. ಅವರ ಮುಖ ಅರಳಿತು. ನಿನ್ನಪ್ಪ ಹಿಂದಿನ ಕೋಣೆಗೆ ಹೋಗಿ, ಆ ಓಡದ ಗಡಿಯಾರಕ್ಕೆ ಕೀಲಿ ಕೊಡುತ್ತಾ ಕೂತರು. ಅವರು ಅತ್ತದ್ದು ನನಗೆ ಕೇಳಿಸಿತು.

ನನಗೆ ಯಾರ ಮೇಲೂ ಸಿಟ್ಟಿಲ್ಲ, ಸಿಟ್ಟಾಗಲು ಯಾರೂ ಇಲ್ಲದಿರುವುದೇ ಕಷ್ಟವಾಗಿದೆ. ಕುರ್ಚಿ ಮುಂದಿನ ವಾರ ನಿನ್ನ ಕೈ ಸೇರುತ್ತದೆ. ಪಾಲಿಶ್ ಮಾಮನಿಗೆ 'ಚೆನ್ನಾಗಿದೆ' ಅಂತ ಎರಡು ಸಾಲು ಬರೆ. ಬೇರೇನೂ ಬರೆಯಬೇಡ. ಪಾಪ, ಗೊತ್ತಾದರೆ ಮತ್ತೆ ಉಳಿ ಹಿಡಿಯಲಾರರು.

ಹೊತ್ತಿಗೆ ಸರಿಯಾಗಿ ತಿನ್ನು, ಭಾರ ಎತ್ತಬೇಡ. ಹೆರಿಗೆ ಸುಸೂತ್ರವಾಗಲಿ, ನಿನ್ನ ಮಡಿಲು ತುಂಬಿಯೇ ಇರಲಿ, ನಾನು ಕಂಡದ್ದನ್ನು ನೀನು ಕಾಣದಿರು.

ನಿನ್ನ
ಅಮ್ಮ

ಇನ್ನೊಂದು ಮಾತು: ಮೇಲೆ ಜಂಬ ಕೊಚ್ಚಿಕೊಂಡೆನಲ್ಲ, ಯಾವ ವಸ್ತುವಿನ ಗುರುತೂ ಮರೆಯುವವಳಲ್ಲ ಅಂತ. ಗುರುವಾರದಿಂದ ಆ ಕುರ್ಚಿಯ ಮುಂದೆ ಕೂತಿದ್ದೇನೆ. ಹಲ್ಲಿನ ಗುರುತು ಎಷ್ಟಿದ್ದವೆಂದು ನೆನಪಾಗುತ್ತಿಲ್ಲ. ನಾಲ್ಕಾ, ಐದಾ? ದಿನಾ ಅಂಗಡಿ ತೆರೆದ ಕೂಡಲೇ ನನ್ನ ಹೆಬ್ಬೆರಳು ತಾನಾಗಿ ಅಲ್ಲಿಗೆ ಹೋಗುತ್ತಿತ್ತು. ಮುಟ್ಟುತ್ತಲೇ ಇದ್ದೆ, ಎಣಿಸಲೇ ಇಲ್ಲ. ನಿನ್ನಪ್ಪನನ್ನು ಕೇಳಲು ಧೈರ್ಯವಿಲ್ಲ, ಅವರಿಗೂ ಗೊತ್ತಿಲ್ಲದಿದ್ದರೆ? ನೀನು ಎಣಿಸುತ್ತಿದ್ದೆಯಲ್ಲ ಮಗಳೇ, ಎಷ್ಟಿದ್ದವು? ನೆನಪಿಲ್ಲದಿದ್ದರೂ ಎಷ್ಟೋ ಒಂದು ಬರೆದು ಕಳಿಸು. ನಾನು ನಂಬುತ್ತೇನೆ.